ಎಡಗಡೆ ಸೀಟಿನ ನಿದ್ದೆ

ಮೊನ್ನೆ ಭಾನುವಾರ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಕಾರು ಮಗಳದು, ಹೊಚ್ಚ ಹೊಸದು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ಇನ್ನೂ ತೆಗೆದಿಲ್ಲ. ಓಡಿಸುತ್ತಿದ್ದವಳೂ ಅವಳೇ. ನಾನು ರೇಷ್ಮೆ ಸೀರೆ ಉಟ್ಟು ಎಡಗಡೆ ಕೂತಿದ್ದೆ. ಶಿವಾಜಿನಗರದಲ್ಲಿ ಜಬ್ಬಾರ್ ಭಾಯ್ ಅವರ ಮೊಮ್ಮಗಳ ಮದುವೆ. ಜಬ್ಬಾರ್ ಭಾಯ್ ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಕ್ಕಕ್ಕೆ ಬಂದು ನಿಂತ ಲಾರಿಯ ವಿಷಯ ಹೇಳಿಬಿಡುತ್ತೇನೆ.

ಏಸಿ ಬೇಡವೆಂದು ನಾನು ಹಟ ಮಾಡಿ ಕಿಟಕಿ ಇಳಿಸಿಕೊಂಡಿದ್ದೆ. ಲಾರಿ ನಿಂತ ಕೂಡಲೇ ಅದರ ಹೊಟ್ಟೆಯಡಿಯಿಂದ 'ಚಿಸ್' ಎಂದು ಬ್ರೇಕಿನ ಗಾಳಿ ಹೊರಬಿತ್ತು. ಅದರ ಹಿಂದೆಯೇ ವಾಸನೆ ಬಂತು. ಬಿಸಿ ಡೀಸೆಲ್, ಕಾದ ರಬ್ಬರು, ಡ್ರೈವರ್ ಬೆಳಿಗ್ಗೆ ಹಚ್ಚಿಟ್ಟ ಊದುಬತ್ತಿ, ಮೂರೂ ಕಲೆತ ವಾಸನೆ. ನಿಮಗೆ ಅದು ನಾತವೆನ್ನಿಸಬಹುದು. ನಾನು ಮಾತ್ರ ಮಲ್ಲಿಗೆ ಮಾರುಕಟ್ಟೆಯಲ್ಲಿ ನಿಂತವಳ ಹಾಗೆ ಮೂಗರಳಿಸಿ ಎಳೆದುಕೊಂಡೆ.

"ಅಮ್ಮಾ, ಕಾಲು!" ಅಂದಳು ಮಗಳು.

ನೋಡಿಕೊಂಡರೆ ನನ್ನ ಬಲಗಾಲು ಮುಂದಿನ ಮ್ಯಾಟನ್ನು ಅದುಮಿ ಹಿಡಿದುಕೊಂಡಿತ್ತು.

"ಅಲ್ಲಿ ಬ್ರೇಕ್ ಇಲ್ಲ ಕಣಮ್ಮ. ಮನೆ ಬಿಟ್ಟಾಗಿಂದ ಒತ್ತುತ್ತಾನೇ ಇದೀಯ. ನಾನು ಓಡಿಸೋದು ಅಷ್ಟು ಭಯಾನಾ?"

"ಭಯ ಅಲ್ವೇ. ಅಭ್ಯಾಸ."

"ಯಾರ ಅಭ್ಯಾಸ?"

ಸರಿಯಾದ ಪ್ರಶ್ನೆಯನ್ನೇ ಕೇಳಿದಳು. ಅರ್ಧ ನನ್ನದು, ಅರ್ಧ ನಮ್ಮಪ್ಪನದು.

ನನ್ನ ಅರ್ಧ ಸುಲಭವಾಗಿ ಅರ್ಥವಾಗುತ್ತದೆ. ಇಂದಿರಾನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಬಹಳ ವರ್ಷ ಕಾರು ಕಲಿಸುವ ಮೇಡಂ ಆಗಿದ್ದೆ. ಸೇರಿದ್ದು ರಸೀದಿ ಬರೆಯುವುದಕ್ಕೆ. ಆದರೆ ಆ ಕಡೆಯ ಹೆಂಗಸರೆಲ್ಲ ಬಂದು, ಲೇಡಿ ಟೀಚರ್ ಇದ್ದರೆ ಮಾತ್ರ ಕಲಿಯುತ್ತೇವೆ ಅನ್ನತೊಡಗಿದರು. ಆಗ ಸ್ಕೂಲಿನ ಯಜಮಾನರು ನನ್ನನ್ನೇ ಹಿಡಿದು ಕಲಿಸಿ, ಲೈಸೆನ್ಸು ಮಾಡಿಸಿ, ಎಡಗಡೆ ಸೀಟಿನಲ್ಲಿ ಕೂರಿಸಿಬಿಟ್ಟರು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಎಷ್ಟೊಂದು ಜೀವ ಆ ಪುಟ್ಟ ಬ್ರೇಕಿನ ಮೇಲೆ ಉಳಿದಿದೆ ಅಂತೀರಿ! ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಎದುರಿಗೆ ಬಸ್ಸು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇನ್ನೊಬ್ಬರು ದಾರಿಯಲ್ಲಿ ಹೋಗುವ ಪ್ರತಿ ಸ್ಕೂಟರಿಗೂ "ಸಾರಿ, ಸಾರಿ" ಅನ್ನುತ್ತಾ ಎರಡೂ ಕೈ ಸ್ಟೀರಿಂಗ್ ಬಿಟ್ಟು ಮುಗಿಯುತ್ತಿದ್ದರು. ಇಂಥವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತ ಕಾಲು ಸುಮ್ಮನಿರು ಅಂದರೆ ಇರುತ್ತದೆಯೇ?

ಅಪ್ಪನ ಅರ್ಧವನ್ನು ಸ್ವಲ್ಪ ವಿವರಿಸಬೇಕು. ಅಪ್ಪ ರಾಯಚೂರಿನ ಕಡೆಯ ಲಾರಿ ಡ್ರೈವರ್. ಹತ್ತಿ ಅಂಡಿಗೆ ಹೇರಿಕೊಂಡು ಸೊಲ್ಲಾಪುರ, ಪುಣೆ ದಾಟಿ ಮುಂಬಯಿಗೆ ಹೋಗಿ ಬರುವುದೇ ಅವನ ಬದುಕಾಗಿತ್ತು. ಅವನಿಗೊಂದು ವ್ರತವಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. "ಡ್ರೈವರ್ ಆದಾಂವ ಇನ್ನೊಬ್ಬನ ಗಾಡ್ಯಾಗ ಮಲಗಬಾರ್ದು" ಅನ್ನುತ್ತಿದ್ದ. ಅವನ ಜೊತೆಯ ಡ್ರೈವರುಗಳೆಲ್ಲ ಹಾಗೇ ಇದ್ದರಂತೆ. ಒಬ್ಬ ಡ್ರೈವರ್ ಇನ್ನೊಬ್ಬನ ಲಾರಿಯಲ್ಲಿ ನಿದ್ದೆ ಹೋದ ಅಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಆ ಕಸುಬಿನಲ್ಲಿ ಇರಲಿಲ್ಲ. ಅಪ್ಪ ಯಾರಿಗೂ ಆ ಮರ್ಯಾದೆ ಕೊಟ್ಟವನಲ್ಲ. ನಮ್ಮನ್ನು ನೋಡಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದರೆ ಇಡೀ ದಾರಿ ಡ್ರೈವರನ ಬೆನ್ನ ಹಿಂದೆ ನಿಂತು ಬಂದು, ಕೆಂಡದಂಥ ಕಣ್ಣು ಹೊತ್ತು ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಿದ್ದ. ರೈಲಿನಲ್ಲಾದರೂ ಬಾ ಅಂದರೆ, "ಅದರ ಡ್ರೈವರ್ ಮಕ ನೋಡಾಕೂ ಬಿಡಂಗಿಲ್ಲ" ಎಂದು ತಳ್ಳಿಹಾಕುತ್ತಿದ್ದ.

ಅವ್ವ ಹೋದ ಮೇಲೆ, ಲಾರಿಯನ್ನೂ ಬಿಟ್ಟು, ಅಪ್ಪ ನಮ್ಮ ಜೊತೆಯೇ ಇರಲು ಬಂದ. ನಾವಾಗ ಜೋಗುಪಾಳ್ಯದಲ್ಲಿ ಒಂದೇ ಕೋಣೆ, ಒಂದು ಅಡುಗೆ ಮೂಲೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರಿಗೆ ಕೆ.ಆರ್. ಪುರದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟು. ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅಪ್ಪ ಬಾಗಿಲ ಬಳಿ ಕಟ್ಟೆಯ ಮೇಲೆ ಕೂತು, ಹಳೇ ಮದ್ರಾಸು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ಕೇಳುತ್ತಿದ್ದ. ನೋಡುತ್ತಿದ್ದ ಅಲ್ಲ, ಕೇಳುತ್ತಿದ್ದ. ರಸ್ತೆ ಅಲ್ಲಿಂದ ಕಾಣುತ್ತಿರಲಿಲ್ಲ. ಕಣ್ಣು ಅರೆ ಮುಚ್ಚಿ, ತಲೆ ಓರೆ ಮಾಡಿ ಕೂತು, "ಈ ಮಗ ಮೂರನೇ ಗೇರ್ ಬಿಡವಲ್ಲ ನೋಡು, ಇಂಜಿನ್ ಅಳಾಕತ್ತೈತಿ" ಎಂದು ಪಕ್ಕದ ಮನೆಯ ತಮಿಳು ಅಜ್ಜಿಗೆ ಹೇಳುತ್ತಿದ್ದ. ಅಜ್ಜಿಗೆ ಕನ್ನಡವೂ ಬಾರದು, ಗೇರೂ ಗೊತ್ತಿಲ್ಲ. ಆದರೂ "ಆಮಾ, ಆಮಾ" ಎಂದು ಒಪ್ಪಿಕೊಳ್ಳುತ್ತಿದ್ದರು.

ಕಾರಿನ ಮೇಡಂ ಆದ ಹುರುಪಿನಲ್ಲಿ ನಾನೊಂದು ದಿನ ಸ್ಕೂಲಿನ ಕಾರಿಗೆ ಅಪ್ಪನನ್ನು ಹತ್ತಿಸಿಕೊಂಡು ಹಲಸೂರು ಕೆರೆ ಸುತ್ತಿಸಿದೆ. ಎಂಥಾ ನಯವಾಗಿ ಓಡಿಸಿದೆ ಅಂದರೆ ನನಗೇ ನನ್ನ ಮೇಲೆ ಪ್ರೀತಿ ಬಂತು. ಅಪ್ಪ ಮಾತ್ರ ಕಿಟಕಿಯ ಮೇಲಿನ ಹಿಡಿ ಬಿಡಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಇಳಿದ ಮೇಲೆ ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: "ಅಪ್ಪಾ, ಒಂದೀಟು ಕಣ್ಣು ಮುಚ್ಚಿದ್ರ ಏನಾಗ್ತಿತ್ತು?"

"ಯವ್ವಾ, ಕಾರಿನ್ಯಾಗ ನಿದ್ದಿ ಬಂದ್ರ ಅದು ಸೀಟಿನ ಗುಣ" ಅಂದ ಅಪ್ಪ. "ಲಾರ್ಯಾಗ ಬಂತಂದ್ರ, ಅದು ಡ್ರೈವರನ ಗುಣ."

ಹೇಳಿ, ಬೀಡಿ ಹಚ್ಚಿಕೊಂಡು ಹೊರಟುಹೋದ. ನನ್ನ ಹೊಟ್ಟೆಯೊಳಗೆ ಒಂದು ಕಿಡಿ ಬಿತ್ತು. ಈ ಮುದುಕನನ್ನು ನನ್ನ ಕೈಯ ಗಾಡಿಯಲ್ಲಿ ಒಂದು ಸಲ ಮಲಗಿಸಿಯೇ ಸೈ ಅಂದುಕೊಂಡೆ. ಬೇರೆ ಹೆಂಗಸರು ಚಿನ್ನ ಕೇಳುತ್ತಾರೆ, ಸೈಟು ಕೇಳುತ್ತಾರೆ. ನನಗೆ ಅಪ್ಪನ ನಿದ್ದೆ ಬೇಕಾಗಿತ್ತು. ಈಗ ಬರೆಯುವಾಗ ನಗು ಬರುತ್ತದೆ, ಆದರೆ ಆಗ ಅದು ನಿಜವಾಗಿಯೂ ಬೇಕಾಗಿತ್ತು.

ಅದೇ ಹೊತ್ತಿಗೆ ನಮ್ಮ ಸ್ಕೂಲಿಗೆ ಹೆವಿ ಲೈಸೆನ್ಸ್ ಕಲಿಸಲು ಒಂದು ಹಳೆಯ ಲಾರಿ ಬಂತು. ಮೂತಿಯಿಲ್ಲದ ಚಪ್ಪಟೆ ಮುಖ, ಮರದ ಕ್ಯಾಬಿನ್ನು, ಒಳಗೆ ಎರಡು ಸೀಟಿನ ನಡುವೆಯೇ ಇಂಜಿನ್ನು. ಅದರ ಮುಚ್ಚಳದ ಮೇಲೆ ಒಂದು ಕೌದಿ ಹಾಸಿತ್ತು. ಲಾರಿಯ ಜೊತೆ ಬಂದವರೇ ಈ ಜಬ್ಬಾರ್ ಭಾಯ್. ಶಿವಾಜಿನಗರದವರು. ಮರದ ದಿಮ್ಮಿ ಹೊರುವ ಲಾರಿಗಳನ್ನು ಓಡಿಸಿ ಓಡಿಸಿ ಭುಜ ಬಾಗಿಲಗಲವಾಗಿತ್ತು. ದನಿ ಮಾತ್ರ ತೊಟ್ಟಿಲು ತೂಗುವವರ ದನಿ.

ನಾನು ಹೋಗಿ ನಿಂತು, ನನಗೂ ಕಲಿಸಿ ಅಂದೆ.

"ನಿಮ್ಗೆ? ಕಾಯ್ಕು?" ಅಂದರು. ದಖನಿಯಲ್ಲಿ ಕಾಯ್ಕು ಅಂದರೆ ಯಾಕೆ ಎಂದು. ಅದು ಅವರ ಜೀವನದ ಪ್ರಶ್ನೆ. ದಿನಕ್ಕೆ ನೂರು ಸಲ ಕೇಳುತ್ತಿದ್ದರು.

ನಾನು ಅಪ್ಪನ ವಿಷಯ ಹೇಳಿದೆ. ಅವರು ನಗಲಿಲ್ಲ. ಗಂಭೀರವಾಗಿ ತಲೆದೂಗಿದರು. "ನನ್ನ ಹತ್ರ ಕೆಲ್ಸ ಬೇಕು ಅಂತ ಬರ್ತಾರೆ, ಫಾರಿನ್‌ಗೆ ಹೋಗ್ಬೇಕು ಅಂತ ಬರ್ತಾರೆ. ಅಪ್ಪನ್ನ ಮಲಗಿಸ್ಬೇಕು ಅಂತ ಬಂದಿರೋದು ನೀವೇ ಫಸ್ಟು. ನಾಳೆ ಬೆಳಗ್ಗೆ ಬನ್ನಿ. ಸೀರೆ ನಕ್ಕೋ, ಸೀರೆ ಬೇಡ, ಕ್ಲಚ್ಚಿಗೆ ಸಿಕ್ಕೊಳ್ಳುತ್ತೆ."

ಮರುದಿನ ಅವರ ಹೆಂಡತಿ ಕಳಿಸಿದ್ದ ಒಂದು ಸಲ್ವಾರ್ ಕಮೀಜು ಹಾಕಿಕೊಂಡು ಹೋದೆ. ಕೀ ಕೈಗೆ ಕೊಡುತ್ತಾರೆ ಅಂದುಕೊಂಡರೆ, ಲಾರಿಯ ಮೈ ಮೇಲೆ ಅಂಗೈ ಇಟ್ಟು ಒಂದು ಸುತ್ತು ಬರಲು ಹೇಳಿದರು. ಕೈ ತೆಗೆಯಬಾರದು. ಸುತ್ತಿ ಬಂದೆ. ಅಂಗೈ ಪೂರ್ತಿ ಕಪ್ಪಾಯಿತು. "ಎಷ್ಟು ಉದ್ದ ಇದೆ ಗೊತ್ತಾಯ್ತಾ? ಕಾರು ನಿಮ್ಮ ಸೊಂಟ ಎಲ್ಲಿದೆಯೋ ಅಲ್ಲೇ ಮುಗಿಯುತ್ತೆ. ಇದು ನೀವು ಮನೆ ಸೇರಿ ಚಾ ಕುಡಿಯೋವಾಗ ಇನ್ನೂ ರೋಡಲ್ಲೇ ಇರುತ್ತೆ. ಅದನ್ನ ಮರೀಬಾರ್ದು."

ಕಾರಿನಲ್ಲಿ ಕೂರುವುದಕ್ಕೆ ಬಾಗಬೇಕು. ಲಾರಿಗೆ ಹತ್ತಬೇಕು. ಈ ಒಂದು ವ್ಯತ್ಯಾಸದಲ್ಲೇ ಮನುಷ್ಯನ ಸ್ವಭಾವ ಬದಲಾಗುತ್ತದೆ ಎಂದು ಬೇಕಾದರೆ ಬರೆದುಕೊಡುತ್ತೇನೆ. ಮೇಲೆ ಹತ್ತಿ ಕೂತೆ ನೋಡಿ, ಇಂದಿರಾನಗರದ ಕಾಂಪೌಂಡುಗಳ ಒಳಗೆಲ್ಲ ಕಾಣಿಸಿತು. ಯಾರ ಮನೆಯಲ್ಲಿ ಹಪ್ಪಳ ಒಣಗಿಸಿದ್ದಾರೆ, ಯಾರ ನಾಯಿ ಮಲಗಿದೆ, ಯಾವ ಯಜಮಾನರು ಗಿಡದ ಮರೆಯಲ್ಲಿ ಸಿಗರೇಟು ಸೇದುತ್ತಿದ್ದಾರೆ, ಎಲ್ಲ! ಕಾರಿನಲ್ಲಿ ಇಷ್ಟು ವರ್ಷ ನಾನು ಬರೀ ಗೋಡೆ ನೋಡಿಕೊಂಡು ಓಡಾಡಿದ್ದೆ.

ಮಿಕ್ಕಿದ್ದೆಲ್ಲ ಅಷ್ಟು ಖುಷಿಯದಾಗಿರಲಿಲ್ಲ. ಸ್ಟೀರಿಂಗು ಜೋಳದ ರೊಟ್ಟಿ ಮಾಡುವ ಹೆಂಚಿಗಿಂತ ದೊಡ್ಡದು. ಲಾರಿ ನಿಂತಿರುವಾಗ ತಿರುಗಿಸಲು ನೋಡಿದರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಚಕ್ರ ಉರುಳಲು ಶುರುವಾದ ಮೇಲೆಯೇ ಅದು ಮಾತು ಕೇಳುವುದು. ಕ್ಲಚ್ಚು ಒತ್ತಲು ಸೀಟಿನಿಂದ ಅರ್ಧ ಎದ್ದು ನಿಲ್ಲಬೇಕು. ಹಿಂದಿನದು ನೋಡಲು ನಡುವೆ ಕನ್ನಡಿಯೇ ಇಲ್ಲ. ಬ್ರೇಕಿಗೆ ಗಾಳಿ ತುಂಬುವವರೆಗೆ ಮೀಟರಿನ ಮುಳ್ಳು ನೋಡುತ್ತಾ ಸುಮ್ಮನೆ ಕೂರಬೇಕು. ಗೇರಂತೂ ಒಂದೇ ಸಲ ಬೀಳುವುದಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಇಂಜಿನ್ನಿನ ದನಿ ಇಳಿಯುವುದನ್ನು ಕೇಳಿಸಿಕೊಂಡು, ಮತ್ತೆ ಒತ್ತಿ ಆಮೇಲೆ ಹಾಕಬೇಕು. ದನಿ ತಪ್ಪಿದರೆ 'ಕರ್ರ್' ಎಂದು ಇಡೀ ಬೀದಿಗೆ ಕೇಳುವ ಹಾಗೆ ಬೈಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ನಾನು ಮೇಡಂ ಆಗಿದ್ದದ್ದು. ಬಾಯಿ ತನ್ನಷ್ಟಕ್ಕೆ ತಾನೇ ಪಾಠ ಹೇಳುತ್ತಿತ್ತು. "ಮೇಡಂ, ಕ್ಲಚ್ ಪೂರ್ತಿ ಒತ್ತಿ. ಗಾಬ್ರಿ ಬೇಡ ಮೇಡಂ. ಮಿರರ್ ನೋಡಿ."

ಜಬ್ಬಾರ್ ಭಾಯ್ ಸುತ್ತಲೂ ನೋಡಿದರು. "ಯಾರಿಗೆ ಹೇಳ್ತಾ ಇದೀರಾ?"

"ನನಗೇ."

"ಹಾಗಾದ್ರೆ ನಾನು ಇಳ್ಕೊಂಡು ಚಾ ಕುಡಿಯೋಕೆ ಹೋಗ್ಲಾ?"

ಬಾಣಸವಾಡಿಯಲ್ಲಿ ಆಗ ಬಡಾವಣೆಗಳು ಹೊಸದಾಗಿ ಎದ್ದು, ರಸ್ತೆಗಳು ಖಾಲಿ ಬಿದ್ದಿದ್ದವು. ಬೆಳಗಿನ ಹೊತ್ತು ಅಲ್ಲೇ ನಮ್ಮ ಅಭ್ಯಾಸ. ಒಂದು ದಿನ ಎಡಕ್ಕೆ ತಿರುಗಬೇಕಿತ್ತು. ಮೂಲೆ ಕಂಡ ಕೂಡಲೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಾ ಬನ್ನಿ ಎಂದು ನಾನು ಎಷ್ಟು ಜನಕ್ಕೆ ಕಲಿಸಿದ್ದೆನೋ ಲೆಕ್ಕವಿಲ್ಲ. ಹಾಗೇ ತಿರುಗಿಸುತ್ತಾ ಬಂದೆ. ಮುಂಭಾಗ ಚೆಂದವಾಗಿ ತಿರುಗಿತು. ಹಿಂಭಾಗ ಮೂಲೆಯನ್ನೇ ಕತ್ತರಿಸಿಕೊಂಡು ಬಂತು. ಆ ಮೂಲೆಯಲ್ಲಿ ಬೋರ್‌ವೆಲ್ಲಿನ ನಲ್ಲಿ, ನಲ್ಲಿಯ ಮುಂದೆ ಕೆಂಪು, ಹಸಿರು, ನೀಲಿ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು, ಸಾಲಿನ ಹಿಂದೆ ಹೆಂಗಸರು.

"ರುಕೋ!" ಎಂದು ಜಬ್ಬಾರ್ ಭಾಯ್ ಕೂಗಿದರು. ನನ್ನ ಎಡಗೈ ಸ್ಟೀರಿಂಗು ಬಿಟ್ಟು, ಪಕ್ಕದಲ್ಲಿ ಕೂತ ವಿದ್ಯಾರ್ಥಿನಿಯನ್ನು ಸಮಾಧಾನ ಮಾಡುವ ಹಾಗೆ ಅವರ ಭುಜ ತಟ್ಟಿತು! ಪುಣ್ಯಕ್ಕೆ ಕಾಲು ಮಾತ್ರ ಬ್ರೇಕನ್ನೇ ಒತ್ತಿತ್ತು. ಹಿಂದಿನ ಚಕ್ರ ಮೊದಲ ಬಿಂದಿಗೆಗೆ ಒಂದು ಗೇಣು ದೂರದಲ್ಲಿ ನಿಂತಿತು.

ಹೆಂಗಸರು ಸೆರಗು ಬಿಗಿದುಕೊಂಡು ಬಂದರು. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಬೈಗುಳ ಬಂತು. ನಾನು ಬಾಗಿಲು ತೆಗೆದು ಮುಖ ಹೊರಗೆ ಹಾಕಿದೆ. ಮುಂದಿದ್ದವರು ಅರ್ಧ ಬೈಗುಳದಲ್ಲಿ ನಿಂತುಬಿಟ್ಟರು.

"ಪಾರುಡೀ, ಪೊಂಬಳ ಲಾರಿ ಓಟ್ರಾ!" ಎಂದು ಹಿಂದಕ್ಕೆ ತಿರುಗಿ ಕೂಗಿದರು. ನೋಡ್ರೇ, ಹೆಂಗಸು ಲಾರಿ ಓಡಿಸ್ತಿದ್ದಾಳೆ ಅಂತ!

ಅಲ್ಲಿಂದ ಮುಂದೆ ಎಲ್ಲ ಬದಲಾಗಿಹೋಯಿತು. ಅವರೇ ಬಿಂದಿಗೆಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಇಬ್ಬರು ಹಿಂದೆ ನಿಂತು ಲಾರಿಯ ಮೈ ಬಡಿದು ರಿವರ್ಸ್ ತೆಗೆಸಿದರು. ಒಬ್ಬಾಕೆ ರೇಡಿಯೇಟರಿಗೆ ಹಾಕಿಕೊಳ್ಳಿ ಎಂದು ತನ್ನ ಸರದಿಯ ನೀರಿನಿಂದ ಒಂದು ಬಿಂದಿಗೆ ಕೊಟ್ಟಳು. ಹೊರಡುವಾಗ, "ಅಕ್ಕಾ, ದಿನಾ ಈ ಕಡೇನೇ ಬಾ" ಅಂದಳು. ಬಿಂದಿಗೆಗಳ ಮೇಲೆ ಚಕ್ರ ಹತ್ತಿಸುವುದರಲ್ಲಿದ್ದವಳನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ?

"ಕಾಯ್ಕು ಜಲ್ದಿ?" ಅಂದರು ಜಬ್ಬಾರ್ ಭಾಯ್, ಭುಜ ನೀವಿಕೊಳ್ಳುತ್ತಾ. "ಮೂಲೆ ಎಲ್ಲೂ ಓಡೋಗಲ್ಲ ಬೇಟಿ. ಕಾರಲ್ಲಿ ಮೂಲೆ ಎದುರಿಗೆ ಬಂದಾಗ ತಿರುಗಿಸ್ತೀರ. ಇಲ್ಲಿ ನೀವು ಚಕ್ರದ ಮೇಲೆ ಕೂತಿದೀರ. ಮೂಲೆ ದಾಟಿ ಹೋಗಿ. ಅಯ್ಯೋ ಮಿಸ್ ಆಯ್ತಲ್ಲಪ್ಪಾ ಅಂತ ಅನ್ನಿಸ್ಬೇಕು. ಆಮೇಲೆ ತಿರುಗಿಸಿ."

ಅಂದಿನಿಂದ ನಾನು ಅವರಿಗೆ ಬೇಟಿಯಾದೆ, ಮಗಳಾದೆ. ಅವರು ಹೇಳಿದಂತೆ, ಮೂಲೆ ಕೈ ತಪ್ಪಿಹೋಯಿತು ಎಂದು ಎದೆ ಧಸಕ್ ಅನ್ನುವವರೆಗೆ ಕಾಯುವುದನ್ನು ಕಲಿತೆ. ತಡವಾಗಿ ತಿರುಗುವುದರಲ್ಲಿ ಒಂದು ಸುಖವಿದೆ, ಕಾರು ಓಡಿಸುವವರಿಗೆ ಅದು ಗೊತ್ತಾಗುವುದಿಲ್ಲ.

ಮನೆಯಲ್ಲಿ ಇದನ್ನೆಲ್ಲ ಗುಟ್ಟಾಗಿಟ್ಟಿದ್ದೆ. ಲೈಸೆನ್ಸು ಕೈಗೆ ಬಂದ ಮೇಲೆ ಅಪ್ಪನನ್ನು ಬೆರಗುಗೊಳಿಸುವುದು ನನ್ನ ಉಪಾಯ. ಒಂದು ಸಂಜೆ ರೊಟ್ಟಿ ಬಡಿಸುವಾಗ ಅಪ್ಪ ನನ್ನ ಕೈಯನ್ನೇ ಹಿಡಿದು ಮೂಸಿದ.

"ಯವ್ವಾ, ನಿಮ್ಮ ಸಾಲಿ ಕಾರು ಪೆಟ್ರೋಲ್ ಗಾಡಿ ಅಲ್ಲೇನು?"

"ಹೌದಪ್ಪ."

"ಮತ್ತ ನಿನ್ನ ಕೈ ಡೀಸೆಲ್ ಯಾಕ ನಾರತೈತಿ?"

ನಮ್ಮ ಮನೆಯವರು ತಟ್ಟೆಯ ಮೇಲೆ ಬಗ್ಗಿ ನಗು ತಡೆದುಕೊಂಡರು. ನಾನು ಒಪ್ಪಿಕೊಂಡೆ. ಅಪ್ಪ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ರೊಟ್ಟಿ ಮುಗಿಸಿ, ಕೈ ತೊಳೆದು, ತಾನುಂಡ ಕಂಚಿನ ಗಂಗಾಳವನ್ನೂ ತೊಳೆದು ಒರೆಸಿ ನನ್ನ ಕೈಗೆ ಕೊಟ್ಟ. "ಹಿಡಿ. ಇದು ಸ್ಟೇರಿಂಗು" ಅಂದ. ಲಟ್ಟಣಿಗೆ ತಂದು ಎಡಗಡೆ ನೆಟ್ಟಗೆ ಹಿಡಿದುಕೊಂಡು ಕೂತ. ಅದು ಗೇರು. ಆಮೇಲೆ ಬಾಯಲ್ಲೇ ಇಂಜಿನ್ ಶುರು ಮಾಡಿದ. 'ಗುರ್ರ್' ಎಂದು ಏರಿಸುತ್ತಾ ಹೋಗುತ್ತಾನೆ, ದನಿ ತಕ್ಕ ಮಟ್ಟಕ್ಕೆ ಬಂದಾಗ ನಾನು ಲಟ್ಟಣಿಗೆ ಎಳೆಯಬೇಕು. ಮೊದಲೇ ಎಳೆದರೆ ಹಲ್ಲು ಕಡಿದು 'ಕರ್ರ್' ಅನ್ನುತ್ತಾನೆ. ದಿನಾ ಊಟವಾದ ಮೇಲೆ ಇದೇ ನಡೆಯಿತು. ಮಗಳಿಗಂತೂ ಹಬ್ಬ, ಅಜ್ಜನ ಜೊತೆ ಅವಳೂ ಗುರ್ರ್ ಅನ್ನುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತು "ಆಮಾ, ಆಮಾ" ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಗೇರು ಕಲಿತದ್ದು ಲಾರಿಯಲ್ಲಿ ಅರ್ಧ, ಅಪ್ಪನ ಗಂಟಲಲ್ಲಿ ಅರ್ಧ.

ಟೆಸ್ಟು ಪಾಸಾಯಿತು. ಜಬ್ಬಾರ್ ಭಾಯ್ ಶಿವಾಜಿನಗರದಿಂದ ಸಮೋಸ ತರಿಸಿ ಇಡೀ ಸ್ಕೂಲಿಗೆ ಹಂಚಿದರು. "ಬೇಟಿ, ಈಗ ಅಪ್ಪನ್ನ ಮಲಗಿಸಿ" ಅಂದರು.

ಅದಕ್ಕೆ ಸಮಯವೂ ತಾನಾಗಿ ಕೂಡಿಬಂತು. ಫ್ಯಾಕ್ಟರಿಗೆ ಹತ್ತಿರವಾಗಲಿ ಎಂದು ನಾವು ಕೆ.ಆರ್. ಪುರದ ಸಂತೆ ಬೀದಿಯ ಹಿಂದೆ ಮನೆ ಹಿಡಿದಿದ್ದೆವು. ಎರಡು ಕೋಣೆ, ಮುಂದೆ ಜಗಲಿ. ಸಾಮಾನು ಸಾಗಿಸಲು ಸ್ಕೂಲಿನ ಯಜಮಾನರು ಒಂದು ಭಾನುವಾರ ಲಾರಿ ಕೊಟ್ಟರು. ನಮ್ಮ ಸಾಮಾನು ಲಾರಿಯ ಒಂದು ಮೂಲೆಗೆ ಸಾಲದು. ಮಂಚ, ಪೆಟ್ಟಿಗೆ, ಜೋಳದ ಚೀಲ, ಒಂದು ತುಳಸಿ ಡಬ್ಬ, ಅಷ್ಟೆ. ಇಡೀ ಜೋಗುಪಾಳ್ಯ ನಿಂತು ನೋಡಿತು. ಎಲ್-ಬೋರ್ಡ್ ಬಿಚ್ಚಿದ ಲಾರಿಯಲ್ಲಿ ಮೇಡಂ ಸ್ಟೀರಿಂಗ್ ಹಿಡಿದಿದ್ದಾಳೆ, ಮೇಡಂ ಗಂಡ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಹಿಂದೆ ಮಂಚದ ಮೇಲೆ ರಾಜನ ಹಾಗೆ ಕೂತಿದ್ದಾರೆ! ಹಿಂದಿನಿಂದ ಸೂಚನೆ ಕೊಡುವ ಕೆಲಸವೂ ಅವರದೇ. ಲಾರಿಯವರ ಪದ್ಧತಿ ಅಪ್ಪನೇ ಹೇಳಿಕೊಟ್ಟಿದ್ದ: ಮೈಗೆ ಒಂದು ಏಟು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೋಗು.

ಅಪ್ಪ ಎಡಗಡೆ ಹತ್ತಿ ಕೂತ. ಮಡಿಲಲ್ಲಿ ಮನೆದೇವರು ಶರಣಬಸಪ್ಪನ ಫೋಟೋ, ಗಾಜು ಒಡೆಯದಂತೆ ಟವೆಲಿನಲ್ಲಿ ಸುತ್ತಿದ್ದು. ಕಣ್ಣು ಎರಡೂ ಅಗಲ ತೆರೆದಿದ್ದವು.

ಎರಡು ಏಟು ಬಿತ್ತು. ಹೊರಟೆ.

ಹಲಸೂರು ದಾಟುವಾಗ ಅಪ್ಪ ಕನ್ನಡಿ ನೋಡುತ್ತಿದ್ದ. ಇಂದಿರಾನಗರದ ತಿರುವಿನಲ್ಲಿ ಒಂದು ಆಟೋ ಅಡ್ಡ ಬಂದಾಗ ಅವನ ಬಲಗಾಲು ನೆಲ ಒತ್ತಿತು. ಅದೇ ಕ್ಷಣಕ್ಕೆ ನನ್ನದೂ ಬ್ರೇಕು ಒತ್ತಿತು. ಅಪ್ಪ ನನ್ನ ಕಡೆ ನೋಡಲಿಲ್ಲ, ಆದರೆ ಕಾಲು ಹಿಂದೆಗೆದುಕೊಂಡ. ನಾನು ಉಸಿರು ಬಿಗಿಹಿಡಿದು ಗೇರು ಹಾಕುತ್ತಿದ್ದೆ. ಮೂರು, ನಾಲ್ಕು, ಮತ್ತೆ ಮೂರು. ಅಪ್ಪನ ಗಂಟಲಲ್ಲಿ ಗುರ್ರ್ ಎಂದು ಕೇಳಿಸಿಕೊಂಡ ದನಿಯೇ ಇಂಜಿನ್ನಿನಲ್ಲಿ ಕೇಳಿಸುತ್ತಿತ್ತು. ಒಮ್ಮೆಯೂ ಹಲ್ಲು ಕಡಿಯಲಿಲ್ಲ. ಬೈಯಪ್ಪನಹಳ್ಳಿ ಬಂತು, ಟಿನ್ ಫ್ಯಾಕ್ಟರಿ ಬಂತು.

ಆಗ ಈ ತೂಗುಸೇತುವೆ ಇರಲಿಲ್ಲ, ರೈಲ್ವೆ ಗೇಟು ಇತ್ತು. ಗೇಟು ಹಾಕಿತ್ತು. ಸಾಲಿನಲ್ಲಿ ಲಾರಿ ನಿಲ್ಲಿಸಿ, ಬೆವರು ಒರೆಸಿಕೊಂಡು ಎಡಕ್ಕೆ ತಿರುಗಿದೆ.

ಅಪ್ಪ ಮಲಗಿದ್ದ.

ಗಲ್ಲ ಶರಣಬಸಪ್ಪನ ಚೌಕಟ್ಟಿನ ಮೇಲೆ, ಬಾಯಿ ಸ್ವಲ್ಪ ತೆರೆದು, ಮೀಸೆ ಉಸಿರಿಗೆ ಅಲುಗುತ್ತಾ. ಇಡೀ ಆಯುಷ್ಯ ರಸ್ತೆಯನ್ನೇ ನೋಡಿದ ಕಣ್ಣುಗಳು ನನ್ನ ಪಕ್ಕದಲ್ಲಿ ಮುಚ್ಚಿದ್ದವು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಮ್ಮ ಮನೆಯವರು ಇದನ್ನು ಓದಿದರೆ ಓದಲಿ.

ಜೀವನದಲ್ಲಿ ಮೊದಲ ಸಲ ರೈಲ್ವೆ ಗೇಟು ತೆಗೆಯದಿರಲಪ್ಪಾ ಎಂದು ಬೇಡಿಕೊಂಡೆ. ಆದರೆ ರೈಲು ಹೋಯಿತು, ಗೇಟು ಎದ್ದಿತು. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು. ಅಪ್ಪ ಅಲುಗಲಿಲ್ಲ. ಮೊಟ್ಟೆ ಹೊತ್ತವಳ ಹಾಗೆ ಲಾರಿಯನ್ನು ಹಳಿ ದಾಟಿಸಿದೆ. ಮುಂದೆ ಸಂತೆ ಬೀದಿಯ ತಿರುವು ಕಾಣಿಸಿತು. ನಮ್ಮ ಮನೆ ಅಲ್ಲೇ. ತಿರುಗಿದರೆ ಮನೆ ಬರುತ್ತದೆ, ಮನೆ ಬಂದರೆ ಅಪ್ಪ ಏಳುತ್ತಾನೆ.

ನಾನು ತಿರುಗಲಿಲ್ಲ.

ಹಿಂದಿನಿಂದ ಒಂದು ಏಟು ಬಿತ್ತು. ನಾನು ಕೇಳದವಳ ಹಾಗೆ ಹೋದೆ. ಮತ್ತೊಂದು ಏಟು. "ಏಯ್, ಮನೆ ಹಿಂದೆ ಹೋಯ್ತು ಕಣೇ! ಎಲ್ಲಿಗ್ ಹೊರಟಿದೀಯ?" ಎಂದು ಮಂಚದ ಮೇಲಿಂದ ರಾಜರು ಕೂಗಿದರು. ಮಗಳು ಖುಷಿಯಿಂದ ಚಪ್ಪಾಳೆ ತಟ್ಟುತ್ತಿರುವುದು ಕೇಳಿಸಿತು. ಭಟ್ಟರಹಳ್ಳಿಯವರೆಗೂ ಹೋದೆ. ರಸ್ತೆ ಆಗ ಖಾಲಿ ಇರುತ್ತಿತ್ತು, ಎರಡೂ ಕಡೆ ನೀಲಗಿರಿ ತೋಪು, ಸೊಗಸಾದ ಗಾಳಿ. ನಮ್ಮ ಮನೆಯವರು ಎರಡೂ ಕೈಯಲ್ಲಿ ತಮಟೆ ಬಡಿಯುವ ಹಾಗೆ ಬಡಿಯತೊಡಗಿದಾಗ ಅಪ್ಪ ಕಣ್ಣು ಬಿಟ್ಟ.

"ಯಾಕ, ಏನಾತು?"

"ಏನಿಲ್ಲಪ್ಪ. ನಿನಗ ನಿದ್ದಿ ಹತ್ತಿತ್ತು."

"ನಾ ಎಲ್ಲಿ ಮಲಗಿದ್ದೆ?" ಅಪ್ಪ ಮೀಸೆ ಒರೆಸಿಕೊಂಡು ನೆಟ್ಟಗೆ ಕೂತ. "ಕಣ್ಣ ಮುಚ್ಚಿ ಗೇರ್ ಕೇಳಾಕತ್ತಿದ್ದೆ."

"ಹಂಗಿದ್ರ ಮನಿ ದಾಟಿ ಬಂದಾಗ ಯಾಕ ಹೇಳ್ಲಿಲ್ಲ?"

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

"ಗೇರ್ ಚಂದ ಬೀಳಾಕತ್ತಿದ್ವು ಯವ್ವಾ" ಅಂದ. "ಅದಕ್ಕ ಸುಮ್ನಿದ್ದೆ."

ಆಮೇಲೂ ಅಪ್ಪ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದ, ಯಾರ ಕಾರಿನಲ್ಲೂ ಹಿಡಿ ಬಿಡಲಿಲ್ಲ. ನಾನು ಹೆವಿ ಕ್ಲಾಸುಗಳಿಗೂ ಮೇಡಂ ಆದೆ, ಜಬ್ಬಾರ್ ಭಾಯ್ ಪಕ್ಕದಲ್ಲೇ ಎಷ್ಟೋ ವರ್ಷ ಕೆಲಸ ಮಾಡಿದೆ. ಅಪ್ಪ ಹೋಗಿ ಈಗ ಬಹಳ ವರ್ಷವಾಯಿತು. ಕಡೆಯವರೆಗೂ ಆ ದಿನ ತಾನು ಮಲಗಿರಲಿಲ್ಲವೆಂದೇ ವಾದಿಸಿದ.

ಸೇತುವೆಯ ಮೇಲೆ ಲಾರಿ ಮತ್ತೊಮ್ಮೆ 'ಚಿಸ್' ಎಂದು ಮುಂದೆ ಸರಿಯಿತು. ಸಾಲು ಕದಲಿತು. ಮಗಳು ಅವಸರ ಮಾಡದೆ, ಪಕ್ಕದ ಸ್ಕೂಟರಿನ ಮುದುಕರಿಗೆ ದಾರಿ ಬಿಟ್ಟು, ಆಮೇಲೆ ಕಾರು ಹೊರಡಿಸಿದಳು. ಅವಳ ಕೈಗಳನ್ನು ನೋಡಿದೆ. ಸ್ಟೀರಿಂಗಿನ ಮೇಲೆ ಅವು ಕೂತ ರೀತಿ ನನ್ನದಲ್ಲ, ನನಗೆ ಗಂಗಾಳ ಹಿಡಿಸಿ ಕಲಿಸಿದ ಅಪ್ಪನದು. ಅವಳಿಗೆ ಕಾರು ಕಲಿಸಿದ್ದು ನಾನೇ, ಲೈಸೆನ್ಸು ಬಂದು ವರ್ಷಗಳಾಗಿವೆ. ಆದರೂ ಒಂದು ದಿನವೂ ಅವಳ ಪಕ್ಕದಲ್ಲಿ ಕಾಲು ಸಡಿಲಬಿಟ್ಟು ಕೂತಿರಲಿಲ್ಲ. ಅವಳು ಅದನ್ನು ಎಂದೂ ಕೇಳಿರಲೂ ಇಲ್ಲ, ಅವತ್ತಿನವರೆಗೆ. ಅವತ್ತು ಕೇಳಿದ್ದು ನಗುತ್ತಲೇ ಆದರೂ, ಆ ನಗುವಿನಲ್ಲಿ ಹಲಸೂರು ಕೆರೆಯ ಬಳಿ ನಾನು ಅಪ್ಪನನ್ನು ಕೇಳಿದ ಧಾಟಿಯೇ ಇತ್ತು ಎಂದು ನನಗೆ ಆಗ ಹೊಳೆಯಿತು.

ನಾನು ಚಪ್ಪಲಿ ಬಿಚ್ಚಿದೆ. ಕಾಲೆರಡನ್ನೂ ಹಿಂದಕ್ಕೆಳೆದು ಸೀಟಿನ ಕೆಳಗೆ ಸೇರಿಸಿದೆ. ಕಿಟಕಿ ಏರಿಸಿ, ಏಸಿ ಹಾಕು ಅಂದೆ. ಅವಳು ಆಶ್ಚರ್ಯದಿಂದ ನೋಡಿ, ಏಸಿ ಹಾಕಿದಳು.

ಕಣ್ಣು ಬಿಟ್ಟಾಗ ಹಲಸೂರು ಕೆರೆ ಕಾಣಿಸಿತು. ಸೀರೆಯ ಸೆರಗು ಜಾರಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡು ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

"ಅಮ್ಮಾ! ನಿದ್ದೆ ಮಾಡ್ಬಿಟ್ಟಿದ್ದೆ ನೀನು! ಗೊರಕೆ ಬೇರೆ!"

"ಇಲ್ಲಪ್ಪ" ಅಂದೆ ಸೆರಗು ಸರಿಪಡಿಸಿಕೊಳ್ಳುತ್ತಾ. "ಕಣ್ಣು ಮುಚ್ಕೊಂಡು ಗೇರ್ ಕೇಳ್ತಾ ಇದ್ದೆ."

"ಅಮ್ಮಾ, ಇದು ಆಟೋಮ್ಯಾಟಿಕ್ ಕಾರು. ಇದ್ರಲ್ಲಿ ಗೇರ್ ಹಾಕೋದೇ ಇಲ್ಲ!"

"ಹೌದಾ?" ಅಂದೆ. "ಅದಕ್ಕೇ ಅಷ್ಟು ಚೆನ್ನಾಗಿ ಬೀಳ್ತಾ ಇತ್ತು."

ಸಿಗ್ನಲ್ ಹಸಿರಾಯಿತು. ಅವಳು ನಗುತ್ತಾ ಕಾರು ಬಿಟ್ಟಳು. ಶಿವಾಜಿನಗರಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ನಾನು ಮತ್ತೆ ಕಣ್ಣು ಮುಚ್ಚಿದೆ.